ತೊಂಬತ್ತಾರು ಅಂಕ

ವೈನರಿಯ ಮೇಜಿನ ಮೇಲೆ ಚಿನ್ನದ ಬಣ್ಣದ ದುಂಡು ಚೀಟಿಗಳ ಸುರುಳಿ ಇತ್ತು. ಒಂದೊಂದರ ಮೇಲೂ ತೊಂಬತ್ತಾರು ಎಂದು ಅಚ್ಚಾಗಿತ್ತು. ಕೆಳಗೆ ಸಣ್ಣಕ್ಷರದಲ್ಲಿ, ಪತ್ರಿಕೆಯಲ್ಲಿ ಅವಳು ಬರೆಯುವ ಅಂಕಣದ ಹೆಸರು. ತೋಟದ ಯಜಮಾನ ಒಂದೊಂದೇ ಚೀಟಿ ಕಿತ್ತು ಬಾಟಲಿಯ ಕೊರಳಿನ ಕೆಳಗೆ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿ, ಮಗುವಿನ ಹಣೆ ಸವರುವಂತೆ ಸವರುತ್ತಿದ್ದ.

“ಬನ್ನಿ ಮಾರ್ಕ್ಸ್ ಮೇಡಂ, ನಿಮ್ಮ ಕೆಲಸಾನೇ ಮಾಡ್ತಾ ಇದ್ದೀನಿ,” ಎಂದ.

ಮಾರ್ಕ್ಸ್ ಮೇಡಂ ಎನ್ನುವುದು ಹಲ್ಲಿನ ಡಾಕ್ಟರು ಅವಳಿಗೆ ಇಟ್ಟ ಹೆಸರು. ಕಾಲೇಜಿನಲ್ಲಿ ರಸಾಯನಶಾಸ್ತ್ರದ ಉತ್ತರಪತ್ರಿಕೆಗಳಿಗೆ ಅಂಕ, ತಿಂಗಳಿಗೊಮ್ಮೆ ಪತ್ರಿಕೆಯಲ್ಲಿ ವೈನಿಗೆ ಅಂಕ. ನೂರಕ್ಕೆ ಇಷ್ಟು ಎಂದು ಅವಳು ಬರೆದರೆ ಮುಗಿಯಿತು. ಡಾಕ್ಟರು, ನಿವೃತ್ತ ಪೋಸ್ಟ್‌ಮಾಸ್ಟರು ಮತ್ತು ಅವಳು ಹನ್ನೊಂದು ವರ್ಷದಿಂದ ತಿಂಗಳ ಮೊದಲ ಭಾನುವಾರ ಇಲ್ಲಿಗೆ ಬರುತ್ತಿದ್ದರು. ಆಗ ಇದು ತಗಡಿನ ಸೂರು, ಎರಡು ಪೀಪಾಯಿ, ಒಂದು ಬೆಂಚು. ಈಗ ನುಣುಪು ಕಲ್ಲಿನ ನೆಲ, ತೂಗುದೀಪ, ಬಾಗಿಲಲ್ಲಿ ಹೆಸರು ಬರೆದುಕೊಳ್ಳಲು ಒಬ್ಬಳು ಹುಡುಗಿ.

ಪೋಸ್ಟ್‌ಮಾಸ್ಟರು ಬೆಲೆಪಟ್ಟಿಯನ್ನು ತೋಳಿನುದ್ದ ದೂರ ಹಿಡಿದು ಓದಿದರು. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಮತ್ತೆ ಓದಿದರು.

“ಕನ್ನಡಕ ಹಾಕಿದ್ರೂ ಅಷ್ಟೇ ಇದೆಯಲ್ಲಪ್ಪ! ಹೋದ ವರ್ಷದ ಮೂರರಷ್ಟು. ಮೂಗಿಗಿಂತ ಮೂಗುತಿ ಭಾರ ಆಯ್ತು.”

“ಕೈಗೆಟುಕದ ದ್ರಾಕ್ಷಿ ಹುಳಿ, ಅಲ್ವಾ ಸಾರ್?” ಎಂದರು ಡಾಕ್ಟರು.

“ಹುಳಿ ಅಂತ ಯಾರಂದ್ರು? ಸಿಹಿ ಅಂತ ಗೊತ್ತಿರೋದಕ್ಕೇ ಹೊಟ್ಟೆ ಉರಿಯೋದು. ನಿಮಗೇನು ಡಾಕ್ಟ್ರೇ, ಒಂದು ಹಲ್ಲು ಕಿತ್ರೆ ಒಂದು ಬಾಟ್ಲಿ. ನಾನೆಲ್ಲಿ ಕೀಳಲಿ?”

ಯಜಮಾನ ನಕ್ಕ. “ನಾನೇನು ಮಾಡ್ಲಿ ಸಾರ್? ತೊಂಬತ್ತಾರು ಬಂದ ವಾರಾನೇ ದೊಡ್ಡ ದೊಡ್ಡ ಹೋಟೆಲಿನವರ ಫೋನು. ಬೈಯೋದಾದ್ರೆ ಮೇಡಂನ ಬೈರಿ.”

“ಅವರನ್ನ್ಯಾಕೆ ಬೈಲಿ? ಚೆನ್ನಾಗಿರೋದನ್ನ ಚೆನ್ನಾಗಿದೆ ಅಂದ್ರು. ಅವರು ಸುಳ್ಳಿಗೆ ಮಾರ್ಕ್ಸ್ ಕೊಡೋರಲ್ಲ.”

ಪ್ರತಿ ವರ್ಷ ಮದುವೆಯ ದಿನಕ್ಕೆಂದು ಆರು ಬಾಟಲಿ ಒಯ್ಯುತ್ತಿದ್ದ ಪೋಸ್ಟ್‌ಮಾಸ್ಟರು ಈ ಸಲ ಒಂದನ್ನೇ ಕೊಂಡರು. ಅದನ್ನು ಬಟ್ಟೆಯ ಚೀಲದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, “ಆರೂ ಸೇರಿ ಒಂದಾಗಿದೆ ಅಂತ ನಮ್ಮನೆಯವಳಿಗೆ ಹೇಳ್ತೀನಿ,” ಎಂದರು.

ಅವಳು ಗೋಡೆಯ ಕಡೆ ನೋಡಿದಳು.

ಎಂಟು ತಿಂಗಳ ಹಿಂದೆ ಅವಳಿಗೆ ಒಂದು ವಾರ ಜ್ವರ ಬಂದಿತ್ತು. ಜ್ವರ ಹೋಗುವಾಗ ವಾಸನೆಯನ್ನೂ ಕರೆದುಕೊಂಡು ಹೋಯಿತು. ಒಂದು ಸಂಜೆ ಪಕ್ಕದ ಮನೆಯಾಕೆ ಬಾಗಿಲು ಬಡಿದಾಗಲೇ ಅವಳಿಗೆ ತಿಳಿದದ್ದು: ಒಲೆಯ ಮೇಲಿನ ಹಾಲು ಸೀದು ಕರಿಯಾಗಿತ್ತು, ಅಡುಗೆಮನೆ ತುಂಬ ಹೊಗೆ. ಅವಳು ಪಕ್ಕದ ಕೋಣೆಯಲ್ಲೇ ಕುಳಿತು ಉತ್ತರಪತ್ರಿಕೆ ತಿದ್ದುತ್ತಿದ್ದಳು. ವಾಸನೆ ಮತ್ತೆ ಬರಬಹುದು, ಬಾರದೆಯೂ ಇರಬಹುದು ಎಂದರು ಮೂಗಿನ ವೈದ್ಯರು. ಅವಳು ಯಾರಿಗೂ ಹೇಳಲಿಲ್ಲ.

ಅದಾದ ಮೂರನೆಯ ತಿಂಗಳಿಗೆ ಈ ವೈನ್ ಬಂತು. ಹುಳಿ ಎಷ್ಟು, ಒಗರು ಎಷ್ಟು ಎಂದು ನಾಲಿಗೆ ಹೇಳಿತು. ಮಿಕ್ಕದ್ದಕ್ಕೆ ಅವಳು ತನ್ನ ಹಳೆಯ ಟಿಪ್ಪಣಿ ಪುಸ್ತಕ ತೆರೆದು, ಇದೇ ತೋಟದ ಹಿಂದಿನ ವರ್ಷಗಳ ಪುಟಗಳಿಂದ ಲವಂಗದ, ಒಣ ಅಂಜೂರದ ವಾಸನೆಗಳನ್ನು ಎತ್ತಿಕೊಂಡಳು. ಪಕ್ಕದವರ ಹಾಳೆ ನೋಡಿ ಬರೆದ ವಿದ್ಯಾರ್ಥಿಗಳನ್ನು ಪರೀಕ್ಷೆಯ ಕೋಣೆಯಿಂದ ಎಬ್ಬಿಸಿ ಕಳಿಸಿದ ಕೈ ಅದು. ಅಂಕ ಹಾಕುವಾಗ ಅದೇ ಕೈ ಸ್ವಲ್ಪ ತಡೆಯಿತು. ಕಡಿಮೆ ಕೊಟ್ಟರೆ ಯಾಕೆಂದು ಕೇಳುತ್ತಾರೆ. ಹೆಚ್ಚು ಕೊಟ್ಟರೆ ಯಾರೂ ಕೇಳುವುದಿಲ್ಲ. ತೊಂಬತ್ತಾರು ಎಂದು ಬರೆದಳು.

ಯಜಮಾನ ಹೊಸದೊಂದು ಬಾಟಲಿಯ ಬಿರಡೆ ತೆಗೆದ. “ಇದು ನನ್ನ ಲೆಕ್ಕದಲ್ಲಿ,” ಎಂದು ಮೂರು ಗ್ಲಾಸಿಗೂ ಸುರಿದ.

ಮೇಡಂ ಬಾಯಿ ಬಿಡುವ ತನಕ ಮಿಕ್ಕವರು ಬಾಯಿ ಬಿಡಬಾರದು. ಎಂದೋ ಒಮ್ಮೆ ಡಾಕ್ಟರು ತಮಾಷೆಗೆ ಮಾಡಿದ ನಿಯಮ, ಬರುಬರುತ್ತಾ ಶಾಸನವಾಗಿತ್ತು. ಅವಳು ಗ್ಲಾಸನ್ನು ಓರೆ ಮಾಡಿ ಬಣ್ಣ ನೋಡಿದಳು. ತಿರುಗಿಸಿದಳು. ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿದಳು. ತೊಳೆದಿಟ್ಟ ಖಾಲಿ ಲೋಟವನ್ನು ಮೂಸಿದಂತಿತ್ತು. ಒಂದು ಗುಟುಕು ಬಾಯಿಗೆ ತೆಗೆದುಕೊಂಡಳು. ಹುಳಿ. ಒಗರು.

“ಅದೇ ಲವಂಗ,” ಎಂದಳು. “ಅದೇ ಅಂಜೂರ. ಪರಿಮಳ ಇನ್ನಷ್ಟು ಬಿಚ್ಚಿಕೊಂಡಿದೆ.”

ಡಾಕ್ಟರು ಗ್ಲಾಸನ್ನು ಮೂಗಿಗೆ ತಂದರು, ಇಳಿಸಿದರು, ಮತ್ತೆ ತಂದರು.

“ಹೌದು… ಲವಂಗ,” ಎಂದರು. “ಸ್ವಲ್ಪ ಹಿಂದೆ ಇದೆ, ಆದ್ರೆ ಇದೆ.”

ಪೋಸ್ಟ್‌ಮಾಸ್ಟರು ಕುಡಿದರು. ಬಾಯಲ್ಲಿ ಬಿಸಿತುಪ್ಪ ಇದ್ದವರ ಹಾಗೆ ಅದನ್ನು ನುಂಗಲೂ ಆಗದೆ, ಉಗುಳಲೂ ಆಗದೆ ಕುಳಿತರು. ಕೊನೆಗೆ ನುಂಗಿದರು.

“ನನಗೆ ವಯಸ್ಸಾಯ್ತು ಮೇಡಂ,” ಎಂದರು ತಗ್ಗಿದ ದನಿಯಲ್ಲಿ. “ನನ್ನ ಮೂಗು ಹಳೇ ಟಪಾಲು ಚೀಲ. ಏನೋ ಮುಗ್ಗಲು ಅನ್ನಿಸ್ತು. ಇಂಥಾದ್ದನ್ನೂ ಗುರುತಿಸೋಕೆ ಆಗಲ್ವಲ್ಲ ನನಗೆ.”

ಅವಳಿಗೆ ತಕ್ಷಣ ತಿಳಿಯಿತು. ಬಿರಡೆ ಹಾಳಾದರೆ ವೈನಿಗೆ ನೆನೆದ ರಟ್ಟಿನ ವಾಸನೆ ಹಿಡಿಯುತ್ತದೆ, ಇದನ್ನು ಈ ಇಬ್ಬರಿಗೂ ಹೇಳಿಕೊಟ್ಟವಳೇ ಅವಳು. ಹೇಳು ಈಗ, ಎಂದಿತು ಮನಸ್ಸು. ಅವಳು ಗ್ಲಾಸನ್ನು ಇನ್ನೊಮ್ಮೆ ತಿರುಗಿಸಿದಳು.

ಒಳಗಿನಿಂದ ಯಜಮಾನನ ಅಕ್ಕ ಗ್ಲಾಸು ಒಯ್ಯಲು ಬಂದರು. ಮೊದಲ ವರ್ಷ ದ್ರಾಕ್ಷಿ ಬಿಡಿಸಿದ್ದು ಅವರು, ಈಗ ಹಿಂದೆ ನಿಂತು ಗ್ಲಾಸು ತೊಳೆಯುತ್ತಾರೆ. ಮೇಜಿನ ಮೇಲೆ ಬಗ್ಗಿದವರು ಹಾಗೇ ನಿಂತು, ಬಾಟಲಿಯನ್ನೆತ್ತಿ ಮೂಸಿದರು.

“ಅಯ್ಯೋ, ಇದು ಕೆಟ್ಟಿದೆ! ಇದನ್ನ್ಯಾಕೆ ಕುಡೀತಾ ಕೂತಿದ್ದೀರಿ?”

“ಅಕ್ಕ, ಸುಮ್ನಿರು,” ಎಂದ ಯಜಮಾನ. “ಮೇಡಂ ಈಗಷ್ಟೇ ಹೇಳಿದ್ರು.”

“ಯಾರು ಹೇಳಿದ್ರೇನೋ? ಒದ್ದೆ ಗೋಣಿ ನಾರೋ ಹಾಗೆ ನಾರ್ತಾ ಇದೆ.”

“ಮೇಡಂಗಿಂತ ನಿನಗೆ ಗೊತ್ತಾ? ಪಾತ್ರೆ ತೊಳೆಯೋಳು ತೊಳ್ಕೊಂಡಿರು. ಬಂದವರ ಮುಂದೆ ಮಾನ ತೆಗೀಬೇಡ.”

ಅಕ್ಕನ ಮುಖ ಕಪ್ಪಿಟ್ಟಿತು. ಅವರು ಬಾಟಲಿಯನ್ನು ಮೇಜಿನ ಮೇಲೆ ಸದ್ದಾಗದಂತೆ ಇಟ್ಟು, ಒದ್ದೆ ಕೈಗಳನ್ನು ಸೆರಗಿನಲ್ಲಿ ಒರೆಸಿಕೊಂಡರು. ಒಣಗಿದ ಮೇಲೂ ಒರೆಸುತ್ತಲೇ ಇದ್ದರು. ಆ ಕೈಗಳನ್ನು ನೋಡಿದ ಮೇಲೆ ಅವಳಿಗೆ ಕುಳಿತಿರಲು ಆಗಲಿಲ್ಲ.

“ಅವರು ಹೇಳಿದ್ದು ಸರಿ,” ಎಂದಳು. “ನನಗೆ ವಾಸನೆ ಬರಲ್ಲ.”

“ನೆಗಡಿನಾ ಮೇಡಂ?” ಎಂದ ಯಜಮಾನ.

“ಇಲ್ಲ. ಎಂಟು ತಿಂಗಳಾಯ್ತು.”

ಎಣಿಸುವುದು ಯಾರಿಗೂ ಕಷ್ಟವಿರಲಿಲ್ಲ. ಯಜಮಾನನ ಕಣ್ಣು ಚಿನ್ನದ ಚೀಟಿಗಳ ಸುರುಳಿಯ ಮೇಲೆ ಹೋಯಿತು. ಅವನು ಅದರ ಮೇಲೆ ಅಂಗೈ ಇಟ್ಟ, ಗಾಳಿಗೆ ಹಾರೀತು ಎನ್ನುವಂತೆ. ಕೋಣೆಯಲ್ಲಿ ಗಾಳಿ ಇರಲಿಲ್ಲ. ಡಾಕ್ಟರು ತಲೆ ಎತ್ತಲಿಲ್ಲ. ಇಲ್ಲದ ಲವಂಗ ಅವರಿಗೂ ಬಂದಿತ್ತು.

ಬೈಯಬಹುದಾಗಿದ್ದವರು ಪೋಸ್ಟ್‌ಮಾಸ್ಟರು. ಅವರು ಬೈಯಲಿಲ್ಲ. ತೊಡೆಯ ಮೇಲಿನ ಚೀಲದ ಬಾಯಿ ಬಿಚ್ಚಿ ಒಳಗೆ ನೋಡಿದರು.

“ಇದೂ ಹಾಗೇ ಇರುತ್ತಾ ಮೇಡಂ?” ಎಂದು ಕೇಳಿದರು. ಅವಳನ್ನೇ ಕೇಳಿದರು.

“ಗೊತ್ತಿಲ್ಲ ಸಾರ್,” ಎಂದಳು. ಎಂಟು ತಿಂಗಳಲ್ಲಿ ಅವರು ವೈನಿನ ಬಗ್ಗೆ ಕೇಳಿದ್ದಕ್ಕೆ ಅವಳು ಕೊಟ್ಟ ಮೊದಲ ನಿಜವಾದ ಉತ್ತರ ಇದೇ. ಅದರಿಂದ ಅವರಿಗೆ ಏನೂ ಉಪಯೋಗವಿರಲಿಲ್ಲ.

“ತನ್ನಿ ಇಲ್ಲಿ,” ಎಂದು ಅಕ್ಕ ಕೈ ಚಾಚಿದರು. “ಈಗಲೇ ತೆಗೆದು ನೋಡೋಣ. ಇದು ಕೆಟ್ಟಿದ್ರೂ ಸರಿ, ಚೆನ್ನಾಗಿದ್ರೂ ಸರಿ, ಮನೆಗೆ ಬೇರೆ ಬಾಟ್ಲಿ ತೊಗೊಂಡು ಹೋಗಿ. ನಮ್ಮದೇ ತೋಟ.” ತಮ್ಮನ ಕಡೆ ನೋಡಲಿಲ್ಲ.

ಬಿರಡೆ ಬಂತು. ಅಕ್ಕ ಅದನ್ನು ಮೂಸಿದರು, ಏನೂ ಹೇಳದೆ ಕೆಳಗಿಟ್ಟರು. ತೊಳೆದ ಗ್ಲಾಸಿಗೆ ಎರಡು ಬೆರಳಷ್ಟು ಸುರಿದು ಪೋಸ್ಟ್‌ಮಾಸ್ಟರ ಮುಂದೆ ಸರಿಸಿದರು.

“ಈ ಸಲ ಮೊದಲು ನೀವು ಹೇಳಿ, ಸಾರ್.”

ಪೋಸ್ಟ್‌ಮಾಸ್ಟರು ಕನ್ನಡಕ ತೆಗೆದಿಟ್ಟು ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದರು. ಬಹಳ ಹೊತ್ತು ಮೂಸಿದರು. ಅವರ ಹುಬ್ಬು ಮೇಲೇರಿತು. ಹೇಳಲೆಂದು ಬಾಯಿ ತೆರೆದರು.

ಹೇಳುವ ಮೊದಲು ಅವಳ ಮುಖ ನೋಡಿದರು. ಹನ್ನೊಂದು ವರ್ಷದ ಅಭ್ಯಾಸ. ಸರಿಯೋ ತಪ್ಪೋ ಎಂದು ಅವರ ಕಣ್ಣು ಇನ್ನೂ ಅವಳನ್ನೇ ಕೇಳುತ್ತಿತ್ತು.

ಅವಳು ತಲೆ ತಗ್ಗಿಸಿದಳು. ನೆಲದ ಕಲ್ಲು ನುಣುಪಾಗಿತ್ತು. ಒಂದು ಚಿನ್ನದ ಚೀಟಿ ಅವಳ ಚಪ್ಪಲಿಯ ಅಂಚಿಗೆ ಅಂಟಿಕೊಂಡಿತ್ತು.