ಸುಣ್ಣ, ಗೊಬ್ಬರ ಮತ್ತು ಒಂದು ಹೂಂ

ಹೂಂಗುಟ್ಟುವುದು ಕ್ಷೌರಿಕನಿಗೆ ಕತ್ತರಿ ಹಿಡಿದಷ್ಟೇ ಹಳೆಯ ಅಭ್ಯಾಸ. ಕುರ್ಚಿಯಲ್ಲಿ ಕೂತವನು ಏನೇ ಹೇಳಲಿ, "ಹೂಂ, ನಿಜ" ಎನ್ನಬೇಕು. ಕತ್ತಿನ ಮೇಲೆ ಕತ್ತಿ ಇಟ್ಟುಕೊಂಡು ವಾದಕ್ಕೆ ನಿಂತರೆ ಯಾವ ಗಿರಾಕಿ ತಾನೇ ಮತ್ತೆ ಬಂದಾನು? ಮೂವತ್ತು ವರ್ಷ ಹೀಗೆ ಅಂಗಡಿ ನಡೆಸಿದ ಮಹಾಶಯ ಈಗ ಅಂಗಡಿಯ ಹಿಂದಿನ ತರಕಾರಿ ಪಾತಿಯ ಮುಂದೆ ಕಕ್ಕಾಬಿಕ್ಕಿಯಾಗಿ ನಿಂತಿದ್ದ.

ಪಾತಿ ಹೆಂಡತಿಯದು. ಎರಡು ವರ್ಷದಿಂದ ಅಲ್ಲಿ ಬದನೆ ಹಾಕಲಿ, ಹುರುಳಿಕಾಯಿ ಹಾಕಲಿ, ಗೇಣುದ್ದ ಬೆಳೆದು ಹಳದಿ ತಿರುಗುತ್ತಿತ್ತು. ಮಣ್ಣು ಹುಳಿಯಾಗಿದೆ ಎಂದು ತಿಳಿದುಕೊಂಡು ಬಂದು, ಒಂದು ಚೀಲ ಸುಣ್ಣದ ಪುಡಿ, ಎರಡು ಚೀಲ ಕೋಳಿ ಗೊಬ್ಬರ ತರಿಸಿಟ್ಟಿದ್ದಳು. ಅಷ್ಟರಲ್ಲಿ ಅವಳ ಅಕ್ಕ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಅಕ್ಕನ ಆರೈಕೆಗೆ ಹೊರಡುವಾಗ ಬಾಗಿಲಲ್ಲಿ ನಿಂತು ಹೇಗೆ ಮಾಡಬೇಕೆಂದು ಪೂರ್ತಿ ಹೇಳಿ, "ಇದೊಂದನ್ನಾದ್ರೂ ನೆಟ್ಟಗೆ ಮಾಡಿ. ನಾನು ಬಂದು ಸಸಿ ನೆಡ್ತೀನಿ" ಎಂದಿದ್ದಳು.

ಅವಳ ಬಾಯಲ್ಲಿ ಒಮ್ಮೆಯಾದರೂ ಶಹಬ್ಬಾಸ್ ಅನ್ನಿಸಿಕೊಳ್ಳಬೇಕೆಂದು ಅವನಿಗೆ ಬಲು ಆಸೆ. ಆದರೆ ಅಯ್ಯೋ, ಅವಳು ಹೇಳಿದ್ದೇನು? ಸುಣ್ಣ ಅಂದಿದ್ದು ನೆನಪಿದೆ, ಗೊಬ್ಬರ ಅಂದಿದ್ದೂ ನೆನಪಿದೆ. ಯಾವುದು ಮೊದಲು, ಎಷ್ಟು, ಯಾವಾಗ, ಒಂದೂ ತಲೆಯಲ್ಲಿ ನಿಂತಿಲ್ಲ. ಫೋನ್ ಮಾಡಿದರೆ ಕೇಳಿಸಿಕೊಂಡೇ ಇರಲಿಲ್ಲವೆಂಬುದು ಬಯಲಾಗುತ್ತದೆ. ಮೂರು ಸಲ ಫೋನ್ ಕೈಗೆತ್ತಿಕೊಂಡು ಮೂರು ಸಲವೂ ಕೆಳಗಿಟ್ಟ.

ಕೊನೆಗೆ ಗಿರಾಕಿಗಳನ್ನೇ ಕೇಳಿದ. ಕೇಳಿದ್ದೇ ತಪ್ಪಾಯಿತು.

"ಸುಣ್ಣ ಹಾಕು ಮಾರಾಯ, ಧಾರಾಳವಾಗಿ ಹಾಕು" ಎಂದ ಗಾರೆ ಕೆಲಸದವನು, ಕೆನ್ನೆಗೆ ನೊರೆ ಹಚ್ಚಿಸಿಕೊಳ್ಳುತ್ತ. ಅವನ ಲೋಕದಲ್ಲಿ ಸುಣ್ಣದಿಂದ ಸರಿಹೋಗದ್ದು ಯಾವುದೂ ಇಲ್ಲ. ಹೂಂ ಎಂದ ಕ್ಷೌರಿಕ ಮಧ್ಯಾಹ್ನವೇ ಅರ್ಧ ಚೀಲ ಚೆಲ್ಲಿ ಬಂದ.

"ಸುಣ್ಣಾನಾ? ಬೇರು ಸುಟ್ಟು ಹೋಗುತ್ತೆ ಕಣಯ್ಯಾ! ಗೊಬ್ಬರ ಹಾಕು" ಎಂದರು ಸಂಜೆ ಬಂದ ಮೇಷ್ಟ್ರು. ಅದೂ ನಿಜವೆನ್ನಿಸಿತು. ಒಂದು ಚೀಲ ಗೊಬ್ಬರ ಬಿತ್ತು.

ಮರುದಿನ ಬಸ್ ಡ್ರೈವರ್, "ಎರಡನ್ನೂ ಕಲಸಿ ಹಾಕ್ಬೇಕು ಗುರೂ, ನನ್ನ ಮಾತು ಕೇಳು" ಎಂದ. ಕೇಳದೆ ಇರುತ್ತಾನೆಯೇ! ಉಳಿದದ್ದನ್ನೆಲ್ಲ ಸುರಿದು ಗುದ್ದಲಿಯಿಂದ ಕಲಸಿದ. ಕಲಸಿದ್ದೇ ತಡ, ಘಾಟು ಮೂಗಿಗೆ ಹೊಡೆದು ಕಣ್ಣಲ್ಲಿ ನೀರು ಬಂತು. ಇದು ಒಳ್ಳೆಯ ಲಕ್ಷಣವೋ ಕೆಟ್ಟದ್ದೋ? ಕೇಳಿದರೆ ಇನ್ನೊಬ್ಬ ಇನ್ನೇನೋ ಹೇಳುತ್ತಾನೆ, ತಾನು ಅದಕ್ಕೂ ತಲೆಯಾಡಿಸುತ್ತೇನೆ ಎಂದು ಬಾಯಿ ಮುಚ್ಚಿಕೊಂಡ.

ಅಕ್ಕನ ಮಗಳು ರಜೆ ಹಾಕಿ ಬಂದಿದ್ದರಿಂದ ಹೆಂಡತಿ ಅದೇ ಸಂಜೆ ವಾಪಸಾದಳು. ಚೀಲ ಕೆಳಗಿಡುವ ಮೊದಲೇ ಮೂಗು ಮುಚ್ಚಿಕೊಂಡು ಹಿತ್ತಲಿಗೆ ಓಡಿದಳು.

"ಎರಡನ್ನೂ ಒಟ್ಟಿಗೇ ಸುರಿದಿದೀರಾ? ಗೊಬ್ಬರದ ಸತ್ವವೆಲ್ಲ ಗಾಳಿಗೆ ಹೋಗ್ತಿದೆಯಲ್ರೀ! ಯಾರು ಹೇಳಿದ್ದು ಹೀಗೆ?"

"ಎಲ್ರೂ ಹೇಳಿದ್ರು."

"ನಾನೇನು ಹೇಳಿದ್ದೆ?"

ಅವನು ಗುದ್ದಲಿಗೆ ಅಂಟಿದ ಮಣ್ಣು ಕೆರೆಯತೊಡಗಿದ.

"ಮೊದಲು ಎರಡು ಬೊಗಸೆ ಸುಣ್ಣ. ಮೂರು ವಾರ ಬಿಟ್ಟು ಗೊಬ್ಬರ. ಇಷ್ಟೇ ಹೇಳಿದ್ದು. ನೀವು ಹೂಂ ಅಂದ್ರಿ, ಎರಡು ಸಲ."

"ಅಂದಿರ್ಬೇಕು" ಎಂದ ಸಣ್ಣ ದನಿಯಲ್ಲಿ.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ. ಬೆಳ್ಳಗಾದ ಪಾತಿಯನ್ನೂ ಅವನ ಮುಖವನ್ನೂ ಬಹಳ ಹೊತ್ತು ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು. ಘಾಟಿಗೆ ಬಂದದ್ದೋ ಬೇರೆಯದೋ ಅವನಿಗೆ ಗೊತ್ತಾಗಲಿಲ್ಲ.

"ಹಾಗಾದ್ರೆ ಇಷ್ಟು ವರ್ಷ ನಾನೂ ನಿಮ್ಮ ಆ ಕುರ್ಚಿ ಮೇಲೇ ಕೂತು ಮಾತಾಡ್ತಿದ್ನಾ?"

ಅಲ್ಲ ಎನ್ನಬೇಕೆಂದು ಅವನ ಜೀವ ಒದ್ದಾಡಿತು. ಆದರೆ ನಾಲಿಗೆ ತನ್ನ ಅಭ್ಯಾಸ ಬಿಡಲಿಲ್ಲ.

"ಹೂಂ" ಎಂದ.