ಗೋದಾಮು ಬಿಟ್ಟ ಭೀಮ

ಹದಿನಾರು ವರ್ಷ ಗೋದಾಮಿನಲ್ಲಿ ಮೂಟೆ ಹೊತ್ತವನನ್ನು ಎಲ್ಲರೂ ಭೀಮ ಎಂದೇ ಕರೆಯುತ್ತಿದ್ದರು. ಒಂದು ದಿನ ಊಟಕ್ಕೆ ಕೂತಾಗ ಅವನು ಕೆಲಸ ಬಿಡುವ ಮಾತೆತ್ತಿದ. ಅಂಗವಿಕಲರಿಗೂ ಮನಸ್ಸಿನ ಕಾಯಿಲೆ ಇರುವವರಿಗೂ ಆಸರೆಯಾಗುವ ಕೇಂದ್ರವೊಂದು ಹಿಂದಿನ ಬೀದಿಯಲ್ಲಿತ್ತು. ಅಲ್ಲಿ ತರಬೇತಿಗೆ ಸೇರುತ್ತೇನೆ ಎಂದ.

ಅವನ ಅಣ್ಣ ಅದೇ ಗೋದಾಮಿನ ಮೇಸ್ತ್ರಿ. ಅವನು ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ.

"ಗಂಡಸಾಗಿ ಕಂಡವರ ಬಾಯಿ ಒರೆಸ್ತೀಯೇನೋ? ಹುಚ್ಚರ ಸಹವಾಸ ಮಾಡಿದ್ರೆ ನಿನಗೂ ಅಂಟ್ಕೊಳ್ಳುತ್ತೆ!"

"ಅದು ಅಂಟೋ ಕಾಯಿಲೆ ಅಲ್ಲಣ್ಣ. ಹುಚ್ಚರು ಅನ್ನೋ ಮಾತೂ ಬೇಡ. ನಮ್ಮ ಲಾರಿ ಡ್ರೈವರು ಮನಸ್ಸು ಕುಗ್ಗಿ ಮೂರು ತಿಂಗಳು ಕೋಣೆ ಬಿಟ್ಟು ಬರ್ಲಿಲ್ಲ. ನಾವೆಲ್ಲ ನಕ್ವಿ. ದಿನಾ ಅವನ ಬಾಗಿಲಲ್ಲಿ ಹೋಗಿ ಕೂತಿದ್ದು ಆ ಕೇಂದ್ರದ ನರ್ಸಮ್ಮ ಒಬ್ರೇ. ಈಗ ಅವನು ಅಂಗಡಿಗೆ ಬಂದು ಹೋಗ್ತಾನೆ. ನಂಗೆ ನಾಚಿಕೆ ಆಯ್ತು."

"ಹೋದ್ರೆ ನನ್ನ ಮುಖ ನೋಡ್ಬೇಡ!"

"ಹೋಗೇ ಹೋಗ್ತೀನಿ."

ಹೋದ. ಹತ್ತನೇ ದಿನ "ನನ್ನ ತಮ್ಮ ಎಲ್ಲಿ? ಎಳ್ಕೊಂಡು ಹೋಗ್ತೀನಿ" ಎನ್ನುತ್ತಾ ಅಣ್ಣ ಕೇಂದ್ರಕ್ಕೆ ನುಗ್ಗಿದ. ಗಾಲಿಕುರ್ಚಿಯಲ್ಲಿ ಕೂತ ಹೆಂಗಸೊಬ್ಬಳು ಒಂದೇ ಕೈಯಲ್ಲಿ ಸ್ವೆಟರಿನ ಗುಂಡಿ ಹಾಕಿಕೊಳ್ಳಲು ಹೆಣಗುತ್ತಿದ್ದಳು. ಭೀಮ ಪಕ್ಕದಲ್ಲಿ ಸುಮ್ಮನೆ ನಿಂತಿದ್ದ.

"ನಿಂತು ನೋಡ್ತೀಯಲ್ಲೋ! ಇವರಿಗೆ ಏನು ಬೇಕಂತೆ?" ಎಂದು ಅಣ್ಣ ಗದರಿದ.

ಆಕೆ ತಲೆಯೆತ್ತಿದಳು. "ನನ್ನನ್ನೇ ಕೇಳಿ ಸ್ವಾಮಿ. ಕಾಲೂ ಒಂದು ಕೈಯೂ ಬರಲ್ಲ, ಕಿವಿ ಚೆನ್ನಾಗೇ ಇದೆ. ಎಲ್ರೂ ಎಲ್ಲಾ ಮಾಡ್ಕೊಟ್ಟು ನನ್ನ ಬೊಂಬೆ ಮಾಡಿಟ್ಟಿದ್ರು. ಕೇಳಿದಾಗ ಮಾತ್ರ ನೆರವಿಗೆ ಬರೋದು ನಿಮ್ಮ ತಮ್ಮ. ಇವರನ್ನ ಕರ್ಕೊಂಡು ಹೋಗೋಕೆ ಬಂದ್ರಾ? ನನ್ನ ದಾಟ್ಕೊಂಡು ಹೋಗಿ, ನೋಡೋಣ!" ಎಂದು ಕುರ್ಚಿಯನ್ನು ಬಾಗಿಲಿಗೆ ಅಡ್ಡ ತಿರುಗಿಸಿಯೇಬಿಟ್ಟಳು.

ಅಣ್ಣ ಒಂದು ಹೆಜ್ಜೆ ಹಿಂದೆ ಸರಿದ. ನರ್ಸಮ್ಮ ನಕ್ಕು ಬೆಂಚು ತೋರಿಸಿದರು. "ಕೂತ್ಕೊಳ್ಳಿ. ಇದು ಕನಿಕರಕ್ಕೆ ಮಾಡೋದಲ್ಲ, ಕಲಿತು ಮಾಡೋ ಕಸುಬು. ಯಾವಾಗ ಕೈ ಹಚ್ಚಬೇಕು, ಯಾವಾಗ ಸುಮ್ಮನಿರಬೇಕು ಅಂತ ತಿಳಿಯೋಕೇ ತಿಂಗಳುಗಟ್ಟಲೆ ಬೇಕು. ಹೆಂಗಸರಷ್ಟೇ ಗಂಡಸರೂ ಬೇಕು."

ಅಣ್ಣ ಸಂಜೆಯವರೆಗೂ ಕೂತು ನೋಡಿದ. ಆ ಹೆಂಗಸು ಕೊನೆಗೆ ತಾನೇ ಗುಂಡಿ ಹಾಕಿಕೊಂಡಳು; ಭೀಮ ಕರೆದವರ ಬಳಿಗಷ್ಟೇ ಹೋಗಿ ನೆರವಾದ. ಏಳುವಾಗ ಆ ಹೆಂಗಸಿಗೆ, "ತಪ್ಪಾಯ್ತಮ್ಮ" ಎಂದ.

ಮರುದಿನ ಗೋದಾಮಿನಲ್ಲಿ ಯಾರೋ, "ನಿನ್ನ ತಮ್ಮ ಆಯಾ ಆದನಂತೆ" ಎಂದು ಕಿಸಕ್ಕನೆ ನಕ್ಕರು. ಅಣ್ಣ ತಿರುಗಿ ನಿಂತ. "ನಾಲಿಗೆ ಬಿಗಿಹಿಡಿ. ಅವನು ಮಾಡೋ ಕೆಲಸ ನಿನ್ನ ಕೈಲಿ ಒಂದು ಗಳಿಗೆಯೂ ಆಗಲ್ಲ. ನನ್ನ ಕೈಲೂ ಆಗಲ್ಲ."

ನಿಮ್ಮ ಮನಸ್ಸೂ ಈ ಕೆಲಸದ ಕಡೆ ವಾಲುತ್ತಿದೆಯೇ? ಹತ್ತಿರದ ಕೇಂದ್ರಕ್ಕೆ ಹೋಗಿ. ನಾಲ್ಕು ದಿನ ಕೂತು ನೋಡಿ, ತರಬೇತಿ ಕೇಳಿ. ಆಡಿಕೊಳ್ಳುವವರು ಆಡಿಕೊಳ್ಳಲಿ. ನೀವು ಹೊರಡಿ!