ಬಲಗಡೆಯ ಊಫರ್

ಡಿಕ್ಕಿಯಿಂದ ಹೊರಗೆ ಮಾವನ ಎರಡು ಕಾಲುಗಳಷ್ಟೇ ಕಾಣುತ್ತಿದ್ದವು. ಸೊಂಟದಿಂದ ಮೇಲಿನ ಮಾವ ಪೂರ್ತಿ ಕಾರಿನ ಹೊಟ್ಟೆ ಸೇರಿದ್ದರು. ಒಳಗೆ ಟೇಪು ಸರ್ರೆಂದು ಎಳೆದ ಸದ್ದು, ಮತ್ತೆ ಸುತ್ತಿಕೊಂಡ ಸದ್ದು, ಅದರ ಹಿಂದೆಯೇ ಉದ್ದನೆಯ ಒಂದು "ಹ್ಞೂಂ". ಈ ಮೂರು ದಿನಗಳಲ್ಲಿ ಆ ಹ್ಞೂಂಕಾರದ ಅರ್ಥ ಸೊಸೆಗೆ ಚೆನ್ನಾಗಿ ತಿಳಿದುಹೋಗಿತ್ತು. ಅಳತೆ ಎಲ್ಲೋ ಕೈಕೊಟ್ಟಿದೆ.

"ಏನಾಯ್ತು ಮಾವ?"

"ಏನಿಲ್ಲಮ್ಮ. ನಿನ್ನ ಕೆಲಸ ನೀನು ನೋಡ್ಕೊ."

ಅವಳ ಕೆಲಸವೆಂದರೆ ಮುಂದಿನ ಬ್ಯಾಟರಿಯಿಂದ ದಪ್ಪನೆಯ ವೈರೊಂದನ್ನು ಕಾರ್ಪೆಟ್ಟಿನ ಕೆಳಗೆ ಹಾಯಿಸಿ, ಹಿಂದಿನ ಸೀಟಿನ ಬೆನ್ನಿಗೆ ತಂದು, ಅಲ್ಲಿ ಅಡಗಿಸಿಟ್ಟ ಆಂಪ್ಲಿಫೈಯರಿಗೆ ಸೇರಿಸುವುದು. ಅದು ಬೆಳಿಗ್ಗೆಯೇ ಮುಗಿದಿತ್ತು. ಈಗ ಸ್ಕ್ರೂಡ್ರೈವರ್ ಹಿಡಿದು, ಬಿಗಿ ಮಾಡಿದ್ದನ್ನೇ ಮತ್ತೆ ಬಿಗಿ ಮಾಡುತ್ತ ಕೂತಿದ್ದಳು. ಸಂಜೆ ನಾಲ್ಕಕ್ಕೆ ಡಾಕ್ಟರಮ್ಮ ಬರುತ್ತಾರೆ ಎಂದು ನೆನೆದರೆ ಸಾಕು, ಅವಳ ಕೈಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ.

ಡಾಕ್ಟರಮ್ಮ ಹೃದಯದ ಡಾಕ್ಟರು. ವಯಸ್ಸು ಐವತ್ತೈದು ದಾಟಿದೆ, ಮುಖದಲ್ಲಿ ನಗು ಕಡಿಮೆ. ಮೂರು ದಿನದ ಹಿಂದೆ ಬೂದು ಬಣ್ಣದ ಈ ಸೆಡಾನನ್ನು ಕಾರುಗಳ ವೈರಿಂಗ್ ಮಾಡುವ ಅವಳ ಶೆಡ್ಡಿನ ಮುಂದೆ ತಂದು ನಿಲ್ಲಿಸಿದಾಗ, ರಿವರ್ಸ್ ಕ್ಯಾಮೆರಾ ಕೆಟ್ಟಿರಬೇಕು ಎಂದೇ ಸೊಸೆ ಅಂದುಕೊಂಡಿದ್ದಳು. ಅವರು ಆಚೆ ಈಚೆ ನೋಡಿ, ದನಿ ತಗ್ಗಿಸಿ, "ನೋಡಮ್ಮಾ, ನಂಗೆ ಹಾಡಲ್ಲಿ ಬೇಸ್ ಬೇಕು. ಬಂದು ಎದೆಗೆ ಗುದ್ದಬೇಕು, ಹಾಗೆ," ಎಂದಿದ್ದರು. "ಆದ್ರೆ ಡಿಕ್ಕಿ ತೆಗೆದ್ರೆ ಏನೂ ಕಾಣಬಾರದು. ನಮ್ಮಮ್ಮನ ಗಾಲಿಕುರ್ಚಿ ಈಗ ಹೇಗೆ ಹಿಡಿಯತ್ತೋ ಹಾಗೇ ಹಿಡೀಬೇಕು. ಮತ್ತೆ ನನ್ನ ಪೇಷಂಟುಗಳಿಗೆ ಸುತರಾಂ ಗೊತ್ತಾಗಬಾರದು. ಟೀವಿ ಸಣ್ಣಗಿಡಿ, ಗಲಾಟೆ ಇರೋ ಕಡೆ ಹೋಗಬೇಡಿ ಅಂತ ಅವರಿಗೆಲ್ಲ ಬೈಯೋಳು ನಾನು."

ಇಂಥ ಕೆಲಸಕ್ಕಾಗಿ ಸೊಸೆ ಎರಡು ವರ್ಷದಿಂದ ಬಾಯಿ ಬಿಡುತ್ತಿದ್ದಳು. ಡಿಕ್ಕಿ ತುಂಬ ದೊಡ್ಡ ಪೆಟ್ಟಿಗೆ ತಂದಿಟ್ಟು ಸದ್ದು ಮಾಡಿಸುವುದು ಯಾರಿಗೂ ಬರುತ್ತದೆ. ಚಕ್ರದ ಮೇಲಿನ ತಗಡು ಬಾಗುವ ಕಡೆ, ಕಪ್ಪು ಬಟ್ಟೆಯ ಹೊದಿಕೆಯ ಹಿಂದೆ, ಎರಡು ಬದಿಗೂ ಒಂದೊಂದು ಖಾಲಿ ಸಂದಿ ಇರುತ್ತದೆ. ಆ ಸಂದಿಯ ವಕ್ರಕ್ಕೆ ಸರಿಯಾಗಿ, ಎಲ್ಲಿಂದಲೂ ಗಾಳಿ ಸೋರದ ಹಾಗೆ, ಪ್ಲೈವುಡ್ಡಿನಲ್ಲಿ ಪೆಟ್ಟಿಗೆ ಮಾಡಿ, ಅದರೊಳಗೆ ಬೇಸಿನ ದೊಡ್ಡ ಸ್ಪೀಕರ್, ಅಂದರೆ ಊಫರ್, ಕೂರಿಸುವುದಿದೆಯಲ್ಲ, ಅದು ಬೇರೆಯೇ ವಿದ್ಯೆ. ವೈರು ಅವಳ ಮಾತು ಕೇಳುತ್ತಿತ್ತು, ಮರ ಕೇಳುತ್ತಿರಲಿಲ್ಲ. ಬಂದ ಗಿರಾಕಿಗಳನ್ನೆಲ್ಲ ವಾಪಸು ಕಳಿಸಿ ಹಾರ್ನು, ಕ್ಯಾಮೆರಾ ಎಂದು ದಿನ ದೂಡುತ್ತಿದ್ದಳು.

ಮರ ಮಾತು ಕೇಳುತ್ತಿದ್ದ ಮನುಷ್ಯ ಅವಳ ಮನೆಯಲ್ಲೇ ಇದ್ದರು. ಕಪಾಟು ಮಾಡುವವರ ಬೀದಿಯಲ್ಲಿ ಮಾವನಿಗೆ ಮಿಲ್ಲಿಮೀಟರ್ ಎಂದೇ ಅಡ್ಡಹೆಸರು. ಜನ ರೆಡಿಮೇಡ್ ಕಪಾಟು ತರಲು ಶುರುಮಾಡಿದ ಮೇಲೆ ಅಂಗಡಿ ಮುಚ್ಚಿ ಮನೆಯಲ್ಲಿ ಕೂತು ಹನ್ನೊಂದು ತಿಂಗಳಾಗಿತ್ತು. ಈ ಹನ್ನೊಂದು ತಿಂಗಳಲ್ಲಿ ಮನೆಯ ಬಾಗಿಲುಗಳನ್ನೆಲ್ಲ ಎರಡೆರಡು ಸಲ ಬಿಚ್ಚಿ ಕೂರಿಸಿದ್ದಾಯಿತು. ಕಿರ್ ಅನ್ನುವ ಕಿಟಕಿಯಾಗಲಿ ಕುಂಟುವ ಕುರ್ಚಿಯಾಗಲಿ ಒಂದೂ ಉಳಿಯಲಿಲ್ಲ. ಆಮೇಲೆ ಮಾವ ಮಾತು ಕಡಿಮೆ ಮಾಡಿದರು. ಡಾಕ್ಟರಮ್ಮ ಬಂದುಹೋದ ಸಂಜೆ ಸೊಸೆ ಧೈರ್ಯ ಮಾಡಿ ಕೇಳಿಯೇಬಿಟ್ಟಳು. ಅವರು "ಇದೊಂದು ಮಾಡ್ತೀನಿ. ಸರಿ ಬಂದ್ರೆ ದಿನಾ ಬರ್ತೀನಿ. ಬರಲಿಲ್ಲ ಅಂದ್ರೆ ಮತ್ತೆ ನನ್ನ ಕರೀಬಾರದು, ಅಷ್ಟೇ," ಎಂದರು. ಅವರು ಆಡಿದ ಮಾತು ಬದಲಿಸುವ ಜನ ಅಲ್ಲ. ಹಾಗಾಗಿ ಇವತ್ತು ಸಂಜೆ ಆ ಪೆಟ್ಟಿಗೆಯ ಸದ್ದು ಎದೆಗೆ ಗುದ್ದಲೇಬೇಕಿತ್ತು.

ಕಷ್ಟವೇನೆಂದರೆ, ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಅತಿ ಮರ್ಯಾದೆ. ಮಾವ ಏನನ್ನೂ ಕೇಳುವುದಿಲ್ಲ, ಸೊಸೆ ಏನನ್ನೂ ತಿದ್ದುವುದಿಲ್ಲ. ಅವಳ ಗಂಡ ಬೆಳಿಗ್ಗೆ ಬಸ್ಸಿನ ಡ್ಯೂಟಿಗೆ ಹೊರಡುವಾಗ ಹೇಳಿಯೇ ಹೋಗಿದ್ದ: "ನೀವಿಬ್ರೂ ಮರ್ಯಾದೆ ಕೊಟ್ಟು ಕೊಟ್ಟೇ ಒಬ್ಬರನ್ನೊಬ್ಬರು ಸಾಯಿಸ್ತೀರಿ, ನೋಡ್ತಿರು."

ಮಧ್ಯಾಹ್ನ ಮಾವ ಬೆನ್ನು ನೀವಿಕೊಳ್ಳುತ್ತ ಹೊರಗೆ ಬಂದು, ಕೈ ತೊಳೆಯಲು ಹೋದರು. ಸೊಸೆ ತಡೆಯಲಾರದೆ ಡಿಕ್ಕಿಗೆ ತಲೆ ಹಾಕಿದಳು. ಎಡಗಡೆಯ ಪೆಟ್ಟಿಗೆ ತಗಡಿನ ಬಾಗಿಗೆ ಅಂಟಿಕೊಂಡು ಹುಟ್ಟಿದಾಗಿನಿಂದ ಅಲ್ಲೇ ಇದ್ದಂತೆ ಕೂತಿತ್ತು. ಬೆರಳಾಡಿಸಿದರೆ ಎಲ್ಲೂ ಒಂದು ಕೂದಲೆಳೆ ಸಂದಿಲ್ಲ. ಅವಳಿಗೆ ಖುಷಿಯಿಂದ ಕೂಗಬೇಕು ಅನ್ನಿಸಿತು. ಬಲಗಡೆ ನೋಡಿದರೆ ಊಫರು ಬೆನ್ನು ತೋರಿಸಿಕೊಂಡು ನಿಂತಿದೆ! ಆ ಬದಿಯಲ್ಲಿ ಪೆಟ್ರೋಲಿನ ಪೈಪು ಅಡ್ಡ ಹಾಯುತ್ತಿತ್ತು, ಪೆಟ್ಟಿಗೆಯ ಆಳ ಸಾಲದು. ಮಾವ ಊಫರನ್ನೇ ತಿರುಗಿಸಿ, ಅದರ ಅಯಸ್ಕಾಂತದ ಗುಂಡು ಬೆನ್ನನ್ನು ಹೊರಕ್ಕೆ ಮಾಡಿ, ಹೊದಿಕೆ ಉಬ್ಬಿಕೊಳ್ಳುವ ಜಾಗಕ್ಕೆ ಸರಿಯಾಗಿ ಕೂರಿಸಿಬಿಟ್ಟಿದ್ದರು. ಎಂಥ ತಲೆ, ಎಂದುಕೊಂಡಳು.

ಮರುಕ್ಷಣ ಇನ್ನೊಂದು ಸಂಗತಿ ಹೊಳೆಯಿತು. ಊಫರಿನ ಕಪ್ಪು ಬಟ್ಟಲು ಮುಂದಕ್ಕೂ ಹಿಂದಕ್ಕೂ ಜಿಗಿದು ಗಾಳಿಯನ್ನು ತಳ್ಳುತ್ತದೆ. ಎರಡು ಊಫರಿದ್ದರೆ ಎರಡೂ ಒಟ್ಟಿಗೇ ತಳ್ಳಬೇಕು. ಒಂದು ತಳ್ಳುವಾಗ ಇನ್ನೊಂದು ಎಳೆದರೆ ಗಾಳಿ ಅಲ್ಲಲ್ಲೇ ಸುತ್ತಿಕೊಂಡು ಸದ್ದು ಸತ್ತುಹೋಗುತ್ತದೆ. ಒಂದನ್ನು ಹಿಂದುಮುಂದಾಗಿ ಕೂರಿಸಿದಿರೋ, ಅದರ ಎರಡು ವೈರುಗಳನ್ನೂ ಅದಲುಬದಲು ಮಾಡಬೇಕು. ಇದು ಮಾವನಿಗೆ ಹೇಗೆ ಗೊತ್ತಿರಬೇಕು? ನಲವತ್ತು ವರ್ಷ ಮರ ಕುಯ್ದವರಿಗೆ, ಮೊದಲ ಕೆಲಸದಲ್ಲೇ, ಹೀಗಲ್ಲ ಹಾಗೆ ಎಂದು ಹೇಳುವುದು ಯಾವ ಬಾಯಿಂದ? ಹೇಳದೆಯೂ ಸರಿಮಾಡಬಹುದಲ್ಲ. ಅವಳು ಹಿಂದಿನ ಸೀಟಿಗೆ ಹೋಗಿ, ಆಂಪ್ಲಿಫೈಯರಿನಲ್ಲಿ ಬಲ ಊಫರಿನ ಎರಡು ಸ್ಕ್ರೂ ಸಡಿಲಿಸಿ, ಕೆಂಪು ವೈರಿನ ಜಾಗಕ್ಕೆ ಕಪ್ಪು, ಕಪ್ಪಿನ ಜಾಗಕ್ಕೆ ಕೆಂಪು ಹಾಕಿ ಬಿಗಿದಳು. ಎರಡು ನಿಮಿಷದ ಕೆಲಸ. ಮಾವ ಟವೆಲ್ಲಿನಲ್ಲಿ ಕೈ ಒರೆಸುತ್ತ ಬರುವಾಗ ಅವಳು ಏನೂ ಅರಿಯದವಳ ಹಾಗೆ ಟೀ ಸೋಸುತ್ತಿದ್ದಳು.

ಮೂರೂವರೆಗೆ ಹೊದಿಕೆ ಕೂತಿತು. ಊಫರುಗಳ ಎದುರಿಗೆ ಮಾವ ಹೊದಿಕೆಯ ಹಲಗೆಯನ್ನು ಗುಂಡಗೆ ಕತ್ತರಿಸಿ, ಅದೇ ಬಣ್ಣದ ತೆಳು ಬಟ್ಟೆ ಎಳೆದು ಅಂಟಿಸಿದ್ದರು. ಇಬ್ಬರೂ ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. ಡಿಕ್ಕಿ ಖಾಲಿ ಡಿಕ್ಕಿ. ಇದೇ ಕಾರನ್ನು ಮಾಡಿದವನೇ ಬಂದು ನೋಡಿದರೂ ಅವನಿಗೆ ಏನೂ ಸಿಗುತ್ತಿರಲಿಲ್ಲ. ಮಾವನ ಮುಖದಲ್ಲಿ ಹನ್ನೊಂದು ತಿಂಗಳಿಂದ ಕಾಣದಿದ್ದ ಒಂದು ಕಳೆ ಬಂದಿತ್ತು.

"ಹಾಕಲಾ ಮಾವ?"

"ಹಾಕು, ಹಾಕು."

ಅವಳು ಮುಂದೆ ಕೂತು, ಬರೀ ಡ್ರಮ್ಮುಗಳದ್ದೇ ಒಂದು ಹಾಡು ಹಾಕಿ, ಸದ್ದು ಏರಿಸಿದಳು. ಬಾಗಿಲ ಸ್ಪೀಕರುಗಳು ಟಕಟಕ ಅಂದವು. ಇನ್ನೂ ಏರಿಸಿದಳು. ಟಕಟಕ ಜೋರಾಯಿತು, ಅಷ್ಟೇ. ಯಾರೋ ಪಕ್ಕದ ಬೀದಿಯಲ್ಲಿ ಡಬ್ಬ ಬಡಿದ ಹಾಗಿತ್ತು. ಎದೆಗೆ ಗುದ್ದುವುದಿರಲಿ, ಡ್ಯಾಶ್‌ಬೋರ್ಡಿನ ಮೇಲಿದ್ದ ರಸೀದಿ ಕೂಡ ಅಲುಗಲಿಲ್ಲ.

ಅವಳು ಇಳಿದು ಓಡಿಬಂದು ಎಡ ಹೊದಿಕೆಯ ಮೇಲೆ ಅಂಗೈ ಇಟ್ಟಳು. ಒಳಗೆ ಊಫರು ದಬದಬ ಕುಣಿಯುತ್ತಿತ್ತು. ಬಲಗಡೆ ಇಟ್ಟಳು. ಅದೂ ಕುಣಿಯುತ್ತಿತ್ತು. ಆಂಪ್ಲಿಫೈಯರಿನ ಹತ್ತಿರ ಹೋಗಿ ಎಡದ್ದರ ವೈರು ಕಿತ್ತಳು. ತಕ್ಷಣ ಬಲದ್ದು ಗುಂಯ್ ಎಂದು ಎದ್ದಿತು. ಅದನ್ನು ಕಿತ್ತು ಎಡದ್ದು ಹಾಕಿದರೆ ಎಡದ್ದೂ ಅಷ್ಟೇ ಗಟ್ಟಿ. ಎರಡನ್ನೂ ಒಟ್ಟಿಗೆ ಹಾಕಿದರೆ ಎರಡೂ ಕುಣಿಯುತ್ತವೆ, ಸದ್ದು ಮಾತ್ರ ಮಾಯ.

ಮಾವ ತಮ್ಮ ಚೀಲ ಎಳೆದುಕೊಂಡರು. ಮುಖದ ಕಳೆ ಇಳಿದುಹೋಗಿತ್ತು. ನಿಧಾನವಾಗಿ ಉಳಿ, ಸುತ್ತಿಗೆ, ಮರಳು ಕಾಗದ ಒಂದೊಂದೇ ಚೀಲಕ್ಕೆ ಹಾಕತೊಡಗಿದರು. "ಪೆಟ್ಟಿಗೆ ಸರಿ ಬರಲಿಲ್ಲಮ್ಮ. ನಂಗೆ ಇದು ಆಗೋ ಕೆಲಸ ಅಲ್ಲ," ಎಂದರು.

ಅದೇ ಹೊತ್ತಿಗೆ ಡಾಕ್ಟರಮ್ಮ ಆಟೋದಿಂದ ಇಳಿದು, ಖಾಲಿ ಗಾಲಿಕುರ್ಚಿಯನ್ನು ತಳ್ಳಿಕೊಂಡು ಒಳಗೆ ಬಂದರು. ಆಸ್ಪತ್ರೆಯ ಬಿಳಿ ಕೋಟೂ ಬಿಚ್ಚಿರಲಿಲ್ಲ, ಅಷ್ಟು ಅವಸರ. ಡಿಕ್ಕಿಯೊಳಗೆ ಇಣುಕಿ, "ಅಯ್ಯೋ, ಏನೂ ಕಾಣಿಸ್ತಾನೇ ಇಲ್ಲ! ಭಲೇ!" ಎಂದು ಚಪ್ಪಾಳೆ ತಟ್ಟಿದರು. ಆಮೇಲೆ ಹಾಡಿಗೆ ಕಿವಿಗೊಟ್ಟು, "ಕೇಳಿಸ್ತಾನೂ ಇಲ್ವಲ್ಲ," ಎಂದರು.

ಸೊಸೆಗೆ ರೋಗ ಗೊತ್ತಾಗಿತ್ತು, ಹೇಗೆ ಬಂತು ಎನ್ನುವುದು ಮಾತ್ರ ಗೊತ್ತಾಗಲಿಲ್ಲ. ಒಂದು ತಳ್ಳುತ್ತಿದೆ, ಒಂದು ಎಳೆಯುತ್ತಿದೆ. ತಾನೇ ಸರಿಮಾಡಿದ್ದಳಲ್ಲ! ಸರಿಮಾಡಿದ್ದು ಯಾಕೆ ಕೆಟ್ಟಿತು ಎಂದು ಎರಡು ಸಲ ಯೋಚಿಸಿದಳು. ಆಗ ಹೊಳೆದ ಸಂಗತಿಯನ್ನು ಬಾಯಿಬಿಟ್ಟು ಕೇಳಬೇಕಿತ್ತು, ಕೇಳಿದರೆ ತಾನು ಮಾಡಿದ ಕಳ್ಳ ಕೆಲಸವನ್ನೂ ಹೇಳಬೇಕಿತ್ತು. ಮಾವ ಚೀಲದ ಜಿಪ್ ಎಳೆಯುತ್ತಿದ್ದರು.

"ಮಾವ, ನೀವು ಬಲಗಡೆ ಊಫರಿನ ವೈರು ತಿರುಗಿಸಿದ್ರಾ?" ಅವಳಿಗೇ ಅರಿವಿಲ್ಲದೆ ದನಿ ಜೋರಾಗಿಬಿಟ್ಟಿತ್ತು.

ಮಾವ ತಲೆ ಎತ್ತಿದರು. "ತಿರುಗಿಸ್ದೆ. ಊಫರ್ ತಿರುಗಿಸಿದ್ರೆ ವೈರೂ ತಿರುಗಿಸ್ಬೇಕಲ್ಲ? ನೀನು ಬರೆದಿಟ್ಟಿರೋ ನೋಟ್‌ಬುಕ್ಕಲ್ಲಿ ಓದಿದ್ದೆ. ಊಫರಿನ ಹಿಂದುಗಡೆ ಬೆಸುಗೆ ಹಾಕಿ ಟೇಪ್ ಸುತ್ತಿದ್ದೀನಿ."

"ನಾನೂ ತಿರುಗಿಸ್ದೆ ಮಾವ. ಇಲ್ಲಿ, ಆಂಪಲ್ಲಿ. ನೀವು ಕೈ ತೊಳೆಯೋಕೆ ಹೋದಾಗ."

ಮಾವ ಚೀಲ ಬಿಟ್ಟು ಎದ್ದು ಬಂದು ಆಂಪ್ಲಿಫೈಯರಿನ ಕಡೆ ಇಣುಕಿದರು.

"ಒಂದು ಮಾತು ಹೇಳಬಾರದಿತ್ತಾ ಮಾವ?"

"ಕದ್ದು ಓದಿದೆ ಅಂತ ನಗ್ತೀಯೇನೋ ಅಂದ್ಕೊಂಡೆ. ನೀನಾದ್ರೂ ಹೇಳ್ಬೇಕಿತ್ತಲ್ಲ?"

"ನಿಮ್ಗೆ ಬೇಜಾರಾಗತ್ತೆ ಅಂದ್ಕೊಂಡೆ."

ಡಾಕ್ಟರಮ್ಮ ಇಬ್ಬರ ಮುಖವನ್ನೂ ಬದಲಿಸಿ ಬದಲಿಸಿ ನೋಡಿದರು. "ಅಂದ್ರೆ ಇಬ್ರೂ ಸರಿ ಮಾಡಿ ಮಾಡಿ ಕೆಡಿಸಿಟ್ಟಿದ್ದೀರಿ," ಎಂದರು. ಮೊದಲು ನಕ್ಕಿದ್ದು ಮಾವ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಈ ಮನುಷ್ಯನಿಗೆ ಇಷ್ಟು ದೊಡ್ಡ ನಗು ಇದೆಯೆಂದು ಸೊಸೆಗೆ ಮದುವೆಯಾದಾಗಿನಿಂದ ಗೊತ್ತಿರಲಿಲ್ಲ. ನಗುತ್ತಲೇ ಅವರು ಹೊದಿಕೆ ಬಿಚ್ಚಲು ಡಿಕ್ಕಿಯ ಕಡೆ ನುಗ್ಗಿದರು, ಅವಳು ಸ್ಕ್ರೂಡ್ರೈವರ್ ಹಿಡಿದು ಹಿಂದಿನ ಸೀಟಿನ ಕಡೆ ನುಗ್ಗಿದಳು.

"ನಿಲ್ಲಿ!" ಡಾಕ್ಟರಮ್ಮ ವಾರ್ಡಿನಲ್ಲಿ ಗದರುವ ದನಿಯಲ್ಲಿ ಕೂಗಿದರು. "ಇಬ್ರೂ ಬಿಚ್ಚಿದ್ರೆ ಮತ್ತೆ ಇದೇ ಕಥೆ ಅಲ್ವಾ? ಯಾರಾದ್ರೂ ಒಬ್ರು ಕೈ ಕಟ್ಕೊಂಡು ನಿಂತ್ಕೊಳ್ಳಿ."

"ನೀವು ನಿಂತ್ಕೊಳ್ಳಿ ಮಾವ," ಎಂದಳು ಸೊಸೆ. "ನಾನು ಹಾಕಿದ್ದು ಬಿಚ್ತೀನಿ. ನೀವು ಮಾಡಿದ್ದು ಸರಿಯಾಗೇ ಇದೆ, ಅದು ಹಾಗೇ ಇರ್ಲಿ."

ಮಾವ ನಿಜವಾಗಿಯೂ ಕೈ ಕಟ್ಟಿಕೊಂಡು ನಿಂತರು. ಅವಳು ಎರಡು ಸ್ಕ್ರೂ ಸಡಿಲಿಸಿದಳು, ಕೆಂಪನ್ನು ಕೆಂಪಿನ ಜಾಗಕ್ಕೆ ತಂದಳು, ಬಿಗಿದಳು. ಮೂವರೂ ಕಾರೊಳಗೆ ಕೂತು ಬಾಗಿಲು ಹಾಕಿಕೊಂಡರು, ಮುಂದೆ ಡಾಕ್ಟರಮ್ಮ ಮತ್ತು ಅವಳು, ಹಿಂದೆ ಮಾವ. ಅವಳು ಹಾಡನ್ನು ಮೊದಲಿನಿಂದ ಹಾಕಿದಳು.

ಡ್ರಮ್ಮಿನ ಮೊದಲ ಹೊಡೆತಕ್ಕೇ ಗುದ್ದು ಬಂತು. ಕಿವಿಗೆ ಬರಲಿಲ್ಲ, ಸೀಟಿನಿಂದ ಬೆನ್ನಿಗೆ, ಬೆನ್ನಿನಿಂದ ಎದೆಗೆ ಬಂತು. ಎರಡನೆಯ ಹೊಡೆತಕ್ಕೆ ಮುಂದಿನ ಕನ್ನಡಿಯಲ್ಲಿ ಮಾವನ ಮುಖ ಎರಡೆರಡಾಗಿ ಕಂಡಿತು. ಡಾಕ್ಟರಮ್ಮ ಬಿಳಿ ಕೋಟಿನ ಎದೆಯ ಮೇಲೆ ಕೈ ಇಟ್ಟುಕೊಂಡು, "ಅಯ್ಯಪ್ಪಾ! ಅಯ್ಯಪ್ಪಾ!" ಅನ್ನುತ್ತ ಇನ್ನೊಂದು ಕೈಯಿಂದ ಸದ್ದು ಏರಿಸಿದರು. ರಸೀದಿ ಡ್ಯಾಶ್‌ಬೋರ್ಡಿನ ಮೇಲಿಂದ ಜಾರಿ ಕೆಳಗೆ ಬಿತ್ತು. ಹಿಂದಿನಿಂದ ಮಾವ ಏನೋ ಕೂಗಿ ಹೇಳಿದರು, ಕೇಳಿಸಲಿಲ್ಲ. ಸೊಸೆ ತಿರುಗಿ ನೋಡಿದಳು. ಮಾವ ಎರಡು ಕೈಯಲ್ಲೂ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ತಾಳ ಒಂದಿಷ್ಟೂ ಕೂಡುತ್ತಿರಲಿಲ್ಲ. ಅವಳಿಗೆ ನಗು ಬಂತು.

ಗಾಲಿಕುರ್ಚಿ ಮಡಚಿ ಡಿಕ್ಕಿಗಿಟ್ಟರು. ಅಡ್ಡ ಮಲಗಿತು, ಎರಡು ಬದಿಗೂ ಬೆರಳಗಲ ಜಾಗ ಉಳಿಯಿತು. ಡಾಕ್ಟರಮ್ಮ ಕಾರು ಹತ್ತಿ, ಕೋಟು ಸರಿಪಡಿಸಿಕೊಂಡು, ಮುಖದ ನಗುವನ್ನು ಒರೆಸಿ, ಆಸ್ಪತ್ರೆಗೆ ಹೊರಟವರ ಹಾಗೆ ಗಂಭೀರವಾಗಿ ಹೊರಟರು. ಕಿಟಕಿಗಳೆಲ್ಲ ಮುಚ್ಚಿದ್ದವು. ತಿರುವಿನ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಪಕ್ಕದ ಸ್ಕೂಟರಿನವನು ಯಾಕೋ ಆಚೆ ಈಚೆ ತಿರುಗಿ ನೋಡಿದ.

ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಮಾವ ಕಣ್ಣು ಕಿರಿದು ಮಾಡಿ ನೋಡಿದರು. "ನಂಬರ್ ಪ್ಲೇಟ್ ನಡುಗ್ತಿದೆ."

"ಹೌದು ಮಾವ. ಹಿಂದೆ ರಬ್ಬರ್ ಕೊಡಬೇಕಿತ್ತು, ನಂಗೆ ಹೊಳೀಲೇ ಇಲ್ಲ. ನಾಳೆ ಬರೋಕೆ ಹೇಳ್ಲಾ?"

"ಹೇಳು. ಹತ್ತು ಗಂಟೆಗೆ ಬರ್ಲಿ. ಅಷ್ಟೊತ್ತಿಗೆ ನಾನು ರಬ್ಬರ್ ಕತ್ತರಿಸಿಟ್ಟಿರ್ತೀನಿ."

ಸಿಗ್ನಲ್ ಹಸಿರಾಯಿತು. ನಡುಗುವ ನಂಬರ್ ಪ್ಲೇಟು ತಿರುವು ದಾಟಿ ಮರೆಯಾಗುವ ತನಕ ಇಬ್ಬರೂ ಬಿಸಿಲಿನಲ್ಲೇ ನಿಂತಿದ್ದರು.